ರಗ್ಬಿ ಯೂನಿಯನ್‌ನಲ್ಲಿ ಡ್ರಾಪ್ ಗೋಲಿನ ಅಂಕ ಕಡಿಮೆ ಮಾಡಬೇಕೇ?

ಬೇಡ ಅನ್ನುತ್ತೇನೆ. ಆಟ ನಡೆಯುತ್ತಿರುವಾಗಲೇ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಅದು ಪುಟಿಯುತ್ತಿದ್ದಂತೆ ಒದ್ದು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ ಅದು ಡ್ರಾಪ್ ಗೋಲ್, 3 ಅಂಕ. ಈ ಬೆಲೆಯನ್ನು ಈಗಾಗಲೇ ಇಳಿಸಿಯಾಗಿದೆ: 1948ಕ್ಕೆ ಮುಂಚೆ 4 ಅಂಕ ಸಿಗುತ್ತಿತ್ತು. ಇನ್ನೊಂದು ಕಡೆ ಟ್ರೈ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು) 1971ರಲ್ಲಿ 3ರಿಂದ 4ಕ್ಕೆ, 1992ರಲ್ಲಿ 5ಕ್ಕೆ ಏರಿತು. ಅಂದರೆ ಲೆಕ್ಕದಲ್ಲಿ ಡ್ರಾಪ್ ಗೋಲ್ ಆಗಲೇ ಹಿಂದೆ ಬಿದ್ದಿದೆ.

ಕಡಿಮೆ ಮಾಡಿ ಅನ್ನುವವರು 1999ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನೆನಪಿಸುತ್ತಾರೆ. ದಕ್ಷಿಣ ಆಫ್ರಿಕಾದ ಯಾನಿ ಡಿ ಬಿಯರ್ ಒಂದೇ ಪಂದ್ಯದಲ್ಲಿ ಐದು ಡ್ರಾಪ್ ಗೋಲ್ ಹೊಡೆದು ಇಂಗ್ಲೆಂಡನ್ನು ಮನೆಗೆ ಕಳಿಸಿದ. 2023ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಜಾರ್ಜ್ ಫೋರ್ಡ್ ಅರ್ಜೆಂಟೀನಾ ವಿರುದ್ಧ ಮೂರು ಹೊಡೆದ. ಆದರೆ ಆ ದಿನ ಇಂಗ್ಲೆಂಡ್ ಮೂರನೇ ನಿಮಿಷದಲ್ಲೇ ಒಬ್ಬ ಆಟಗಾರನನ್ನು ಕಾರ್ಡ್ ಶಿಕ್ಷೆಯಿಂದ ಕಳೆದುಕೊಂಡಿತ್ತು. ಹದಿನಾಲ್ಕು ಜನರಲ್ಲಿ ಗೆಲ್ಲಲು ಅದೊಂದು ಜಾಣ ದಾರಿ. ಇಂಥವು ನೆನಪಿನಲ್ಲಿ ಉಳಿಯುವುದೇ ಅಪರೂಪವಾದ್ದರಿಂದ.

ಪೆನಾಲ್ಟಿಯಲ್ಲಿ ಒದೆಯುವವನನ್ನು ಯಾರೂ ಅಡ್ಡಗಟ್ಟುವಂತಿಲ್ಲ, ಆದರೂ ಅದಕ್ಕೂ 3 ಅಂಕ. ಡ್ರಾಪ್ ಗೋಲಿಗೆ ಮೈಮೇಲೆ ಬೀಳುವ ಎದುರಾಳಿಗಳ ನಡುವೆ ಜಾಗ ಮಾಡಿಕೊಳ್ಳಬೇಕು, ಗುರಿ ತಪ್ಪಿದರೆ ಚೆಂಡು ಸಾಮಾನ್ಯವಾಗಿ ಅವರ ಪಾಲು. ಕಷ್ಟದ ಕೆಲಸಕ್ಕೆ ಕಡಿಮೆ ಕೂಲಿ ಯಾವ ನ್ಯಾಯ?

ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಲೀಗ್‌ನಲ್ಲಿ ಇದನ್ನು 1 ಅಂಕಕ್ಕೆ ಇಳಿಸಿದರು. ಅಲ್ಲಿ ಅದೀಗ ಹೆಚ್ಚಾಗಿ ಸಮಬಲ ಮುರಿಯುವುದಕ್ಕಷ್ಟೇ ಬಳಕೆ. ಯೂನಿಯನ್‌ನಲ್ಲೂ ಹಾಗಾದರೆ, 2003ರ ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಸಮಯದ ಕೊನೆಯಲ್ಲಿ ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಬಲಗಾಲಲ್ಲಿ ಹೊಡೆದಂಥದ್ದು ಆಗಲೂ ಗೆಲ್ಲಿಸುತ್ತದೆ ನಿಜ. ಆದರೆ ಪಂದ್ಯದ ಉಳಿದ ಹೊತ್ತೆಲ್ಲ ರಕ್ಷಣೆಯವರಿಗೆ ಆ ಭಯವೇ ಇರುವುದಿಲ್ಲ.