ಹತ್ತು ಬೇಡ, ಒಂದನ್ನೇ ಬಿಡಿಸಿ ಬರೆಯಿರಿ

ನಮಸ್ಕಾರ. ಕ್ವಾಂಟಮ್ ಗುರುತ್ವದ, ಅಂದರೆ ಗುರುತ್ವವನ್ನು ಕ್ವಾಂಟಮ್ ನಿಯಮಗಳಿಗೆ ಹೊಂದಿಸುವ ಪ್ರಯತ್ನದ, ಹಿಂದಿನ ಗಣಿತದ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ನೀವೇ ಬರೆಯಬೇಕು ಅನ್ನೋದು ನನ್ನ ಆಸೆ.

ಸ್ಟ್ರಿಂಗ್ ಥಿಯರಿ, ಲೂಪ್ ಗ್ರಾವಿಟಿ, ಕಾಸಲ್ ಸೆಟ್, ಹೀಗೆ ಈ ಪ್ರಯತ್ನದ ಎಲ್ಲ ಸಿದ್ಧಾಂತಗಳಿಗೂ ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ಓದುಗರಿಗೆ ಹೆಸರುಗಳು ಸಿಗುತ್ತವೆ, ಗಣಿತ ಸಿಗುವುದಿಲ್ಲ. ನಡುವೆ ಎಲ್ಲೋ ಸ್ಪಿನ್ ನೆಟ್‌ವರ್ಕ್, ಅಂದರೆ ಸಂಖ್ಯೆ ಹೊತ್ತ ಗೆರೆಗಳ ಜಾಲ, ಬಂದು ಅರ್ಧ ಸಾಲಿನಲ್ಲಿ ಹೋಗಿಬಿಡುತ್ತದೆ. ಲೇಖನ ಇರುವುದೇ ಅಲ್ಲಿ!

ಜಾಗ ಮೊದಲೇ ಇದೆ ಅಂದುಕೊಳ್ಳದೆ, ಬರೀ ಸ್ಪಿನ್‌ಗಳ (ಕಣಗಳಿಗೆ ಹುಟ್ಟಿನಿಂದಲೇ ಇರುವ ಒಂದು ಬಗೆಯ ತಿರುಗುವಿಕೆಯ ಅಳತೆ) ಲೆಕ್ಕದಿಂದಲೇ ಕೋನಗಳನ್ನು ಪಡೆಯಬಹುದೇ? ಗಣಿತಜ್ಞ ರೋಜರ್ ಪೆನ್‌ರೋಸ್ 1971ರ ಪ್ರಬಂಧದಲ್ಲಿ ಹಿಡಿದು ಹೊರಟ ಪ್ರಶ್ನೆ ಇದು. ಅವರ ಸಾಧನ ಗೆರೆಗಳ ಚಿತ್ರ, ಅದೇ ಸ್ಪಿನ್ ನೆಟ್‌ವರ್ಕ್. ಇಂದಿನ ರೂಢಿಯಲ್ಲಿ ಪ್ರತಿ ಗೆರೆಗೂ ಒಂದು ಸಂಖ್ಯೆ, ಅಂದರೆ ಸ್ಪಿನ್‌ನ ಬೆಲೆ: ಅರ್ಧ, ಒಂದು, ಒಂದೂವರೆ, ಹೀಗೆ. ಮೂರು ಗೆರೆ ಕೂಡುವ ಕಡೆ ಅವು ಹೊಂದಬೇಕು. ಅರ್ಧ, ಅರ್ಧ, ಒಂದು ಹೊಂದುತ್ತವೆ. ಅರ್ಧ, ಅರ್ಧ, ಎರಡು ಹೊಂದುವುದಿಲ್ಲ, ಯಾಕೆಂದರೆ ಯಾವ ಸಂಖ್ಯೆಯೂ ಉಳಿದೆರಡರ ಮೊತ್ತವನ್ನು ಮೀರಬಾರದು. ಅರ್ಧ, ಒಂದು, ಒಂದು ಕೂಡ ಆಗದು. ಮೂರೂ ಕೂಡಿದರೆ ಪೂರ್ಣಸಂಖ್ಯೆ ಬರಬೇಕು. ಎಲೆಕ್ಟ್ರಾನ್‌ಗಳ ಸ್ಪಿನ್ ಕೂಡಿಸುವಾಗಲೂ ಇದೇ ನಿಯಮ. ಓದುಗರು ಪೆನ್ಸಿಲ್ ಹಿಡಿದು ತಾವೇ ಮಾಡಿ ನೋಡಬಹುದು, ಅಲ್ವಾ?

ಮುಂದೆ ಭೌತವಿಜ್ಞಾನಿಗಳಾದ ಕಾರ್ಲೊ ರೊವೆಲ್ಲಿ ಮತ್ತು ಲೀ ಸ್ಮೋಲಿನ್ ಲೂಪ್ ಗ್ರಾವಿಟಿಯ ಲೆಕ್ಕ ಮಾಡುವಾಗ ಇದೇ ಚಿತ್ರಗಳು ಎದುರಾದವು. ಅದು 1995. ಅವರ ಲೆಕ್ಕದಲ್ಲಿ ಒಂದು ಮೇಲ್ಮೈಗೆ ವಿಸ್ತೀರ್ಣ ಬರುವುದೇ ಅದನ್ನು ಹಾದುಹೋಗುವ ಗೆರೆಗಳಿಂದ. ಗೆರೆಯ ಸಂಖ್ಯೆಯನ್ನು ಅದಕ್ಕಿಂತ ಒಂದು ಜಾಸ್ತಿ ಇರುವ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಅರ್ಧಕ್ಕೆ 0.87, ಒಂದಕ್ಕೆ 1.41, ಒಂದೂವರೆಗೆ 1.94. ಆ ಗೆರೆ ಕೊಡುವ ವಿಸ್ತೀರ್ಣ ಇದಕ್ಕೆ ಅನುಗುಣವಾಗಿರುತ್ತದೆ. ಜಾಗ ಚದುರಂಗದ ಹಾಸಿನ ಹಾಗೆ ಸಮ ಚೌಕಗಳಿಂದ ಆಗಿದೆ ಎಂದು ನೀವು ಬರೆದಿದ್ದೀರಿ. ಅದು ತಪ್ಪು. ಈ ಮೂರು ಬೆಲೆಗಳ ನಡುವಿನ ಅಂತರವೇ ಸಮ ಇಲ್ಲ ನೋಡಿ. ಚೌಕಗಳೂ ಇಲ್ಲ. ವಿಸ್ತೀರ್ಣ ಅಳೆದರೆ ಯಾವ ಬೆಲೆಗಳು ಬರಬಹುದು ಎಂಬುದನ್ನಷ್ಟೇ ಸಿದ್ಧಾಂತ ಹೇಳುತ್ತದೆ.

‘ಸಾಬೀತಾಗಿದೆ’ ಎಂಬ ಮಾತನ್ನು ದಯವಿಟ್ಟು ತೆಗೆಯಿರಿ. ಇದು ಲೆಕ್ಕದಿಂದ ಬಂದ ಫಲಿತಾಂಶ, ಪ್ರಯೋಗದಿಂದ ಬಂದದ್ದಲ್ಲ. ಇಲ್ಲಿನ ಅಳತೆಗೋಲಾದ ಪ್ಲಾಂಕ್ ಉದ್ದ ಪ್ರೋಟಾನ್‌ಗಿಂತ ಸುಮಾರು 10ರ ಘಾತ 20 ಪಟ್ಟು ಚಿಕ್ಕದು. ಜೊತೆಗೆ, ಮೇಲಿನ ಸಂಖ್ಯೆಗಳನ್ನು ಗುಣಿಸುವ ಇಮಿರ್ಜಿ ಸ್ಥಿರಾಂಕದ ಬೆಲೆಯನ್ನು ಸಿದ್ಧಾಂತ ತಾನಾಗಿ ಕೊಡುವುದಿಲ್ಲ. ಅದನ್ನೂ ಬರೆಯಿರಿ. ಓದುಗರ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಿಮ್ಮ ಭಾಷೆ ತಿಳಿಯಾಗಿದೆ. ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಮೂರು ಗೆರೆ ಕೂಡುವ ಚಿತ್ರದಿಂದಲೇ ಶುರುಮಾಡಿ, ವಿಸ್ತೀರ್ಣದವರೆಗೆ ಬಂದು ನಿಲ್ಲಿಸಿ. ಮಿಕ್ಕ ಸಿದ್ಧಾಂತಗಳಿಗೆ ಬೇರೆ ಲೇಖನಗಳನ್ನೇ ಬರೆಯಬಹುದು. ಹೊಸ ಕರಡು ಸಿದ್ಧವಾದ ಕೂಡಲೇ ನನಗೇ ನೇರವಾಗಿ ಕಳಿಸಿ.