ಡೆಕ್ ಸುತ್ತ ಏನು ನೆಡಲಿ ಎಂದು ಕೇಳಿದ ತೀರ್ಥಹಳ್ಳಿಯ ತಮ್ಮನಿಗೆ

ಅಮೆರಿಕದ ಒಹಾಯೋದಲ್ಲಿ ಹೊಸದಾಗಿ ಮನೆ ಕೊಂಡಿದ್ದೀರಿ. ಹಿತ್ತಿಲಲ್ಲಿ ಮರದ ಡೆಕ್, ಅಂದರೆ ಹಲಗೆಯ ಜಗಲಿ, ಇದೆ, ಅದರ ಸುತ್ತ ಬೋಳು ನೆಲ. ಆಳು ಕರೆದರೆ ಕೈ ಸುಡುತ್ತದೆ. ನಾವೇ ಮಾಡಿಕೊಳ್ಳಬೇಕು, ಆಮೇಲೆ ಹೆಚ್ಚು ಆರೈಕೆ ಬೇಡಬಾರದು, ಊರಿನಿಂದ ಬರುವ ಅಮ್ಮನಿಗೆ ನಾಲ್ಕು ಹೂವೂ ಕಾಣಬೇಕು ಎಂದು ಕೇಳಿದ್ದೀರಿ. ರಜೆಗೆ ಸಾಗರಕ್ಕೆ ಬಂದಿದ್ದೇನೆ, ಮಳೆ ಹೊರಗೆ ಕಾಲಿಡಲು ಬಿಡುತ್ತಿಲ್ಲ, ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ. ಆಳಿನ ವಿಷಯದಲ್ಲಿ ಇಲ್ಲಿಯವರೂ ಸುಖವಾಗಿಲ್ಲ. ತೋಟಕ್ಕೆ ಮದ್ದು ಹೊಡೆಯುವವರಿಗಾಗಿ ಎಲ್ಲರೂ ಫೋನ್ ಹಿಡಿದು ಕೂತಿದ್ದಾರೆ.

ನಮ್ಮಲ್ಲಿ ಕೋಲು ಊರಿದರೂ ಚಿಗುರುತ್ತದೆ. ಅಲ್ಲಿ ಯಾವ ಗಿಡ ಬದುಕಬೇಕು ಎಂದು ತೀರ್ಮಾನಿಸುವುದು ಚಳಿ. ಚಳಿ ಎಷ್ಟೆಂದು ನೋಡಿ ದೇಶವನ್ನು ವಲಯಗಳಾಗಿ ವಿಂಗಡಿಸಿದ, ಅಮೆರಿಕದ ಕೃಷಿ ಇಲಾಖೆಯ 2023ರ ನಕ್ಷೆಯಲ್ಲಿ ಒಹಾಯೋದ ಬಹುಭಾಗ 6ನೇ ವಲಯದಲ್ಲಿದೆ. ಅಂದರೆ ಚಳಿಗಾಲದಲ್ಲಿ ಮೈನಸ್ 18ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯಬಹುದು. ನರ್ಸರಿಯ ಕುಂಡಕ್ಕೆ ಸಿಕ್ಕಿಸಿದ ಚೀಟಿಯಲ್ಲಿ 6 ಅಥವಾ ಅದಕ್ಕಿಂತ ಕಡಿಮೆ ಅಂಕಿಯ ವಲಯ ಇಲ್ಲದಿದ್ದರೆ, ಹೂವು ಎಷ್ಟೇ ಚೆಂದವಿರಲಿ, ಅಲ್ಲೇ ಬಿಟ್ಟು ಬನ್ನಿ.

ಗುದ್ದಲಿ ಹಾಕುವ ಮೊದಲು 811ಕ್ಕೆ ಫೋನ್ ಮಾಡಿ, ನೆಲದಡಿ ಏನಿದೆ ಎಂದು ಗುರುತು ಹಾಕಿಕೊಡುವವರ ಸಂಖ್ಯೆ ಅದು. ಕೆಲವೇ ದಿನಗಳಲ್ಲಿ ಬಂದು ನೆಲದಡಿಯ ಗ್ಯಾಸ್ ಕೊಳವೆಗೆ ಹಳದಿ, ವಿದ್ಯುತ್ತಿಗೆ ಕೆಂಪು, ನೀರಿಗೆ ನೀಲಿ ಗೆರೆ ಎಳೆದು ಹೋಗುತ್ತಾರೆ, ಖರ್ಚಿಲ್ಲ. ಬಡಾವಣೆಗೆ ಮನೆ ಮಾಲೀಕರ ಸಂಘವಿದ್ದರೆ ಅವರ ನಿಯಮವನ್ನೂ ಒಮ್ಮೆ ಓದಿಕೊಳ್ಳಿ.

ಮುಂದಿನದು ನೀರು. ಅದು ಮನೆಯಿಂದ ದೂರ ಹರಿಯುವಂತೆ, ಗೋಡೆಯಿಂದ ಮೊದಲ ಹತ್ತು ಅಡಿಯೊಳಗೆ ನೆಲ ಆರು ಇಂಚು ಇಳಿದಿರಬೇಕು. ಬಸಿಗಾಲುವೆ ನೋಡುತ್ತ ಬೆಳೆದ ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ.

ಡೆಕ್‌ನ ಅಡಿಯಲ್ಲಿ ಮಾತ್ರ ಕಳೆ ತಡೆಯುವ ಬಟ್ಟೆ ಹಾಸಿ, ಮೇಲೆ ಜಲ್ಲಿ ಸುರಿಯಿರಿ. ಗಿಡಗಳ ಪಾತಿಗೆ ಆ ಬಟ್ಟೆ ಬೇಡ. ಎರಡು ಮೂರು ವರ್ಷಗಳಲ್ಲಿ ಅದರ ಮೇಲೆಯೇ ಮಣ್ಣು ಕೂತು, ಕಳೆ ಅಲ್ಲೇ ಬೇರು ಬಿಟ್ಟು, ಕೀಳಲು ಹೋದರೆ ಬಟ್ಟೆ ಸಮೇತ ಬರುತ್ತದೆ. ಪಾತಿಗೂ ಜಲ್ಲಿಯೇ ಇರಲಿ ಎಂದು ಅಂಗಡಿಯವರು ಹೇಳುತ್ತಾರೆ. ಮೇಪಲ್ ಮರ ಹತ್ತಿರವಿದ್ದರೆ ಅಕ್ಟೋಬರಿನಲ್ಲಿ ಕಲ್ಲುಗಳ ಸಂದಿಯಿಂದ ಎಲೆ ಹೆಕ್ಕುತ್ತ ಕೂರಬೇಕಾಗುತ್ತದೆ. ಅಡಿಕೆ ಬುಡಕ್ಕೆ ಸೊಪ್ಪು, ದರಕು ಹಾಕುವ ನಮ್ಮ ಕ್ರಮವೇ ಅಲ್ಲಿಯೂ ಸರಿ, ಸೊಪ್ಪಿನ ಬದಲು ಮರದ ಚೂರು, ಅಂದರೆ ಮಲ್ಚ್. ಮೂರು ಇಂಚು ದಪ್ಪ ಸಾಕು. ಎರಡು ಘನ ಅಡಿಯ ಒಂದು ಚೀಲ ಎಂಟು ಚದರ ಅಡಿಗಷ್ಟೇ ಸಾಲುತ್ತದೆ. ಆದ್ದರಿಂದ ಲಾರಿಯಲ್ಲಿ ಘನ ಗಜದ ಲೆಕ್ಕದಲ್ಲಿ ತರಿಸಿ, ಒಂದು ಗಜಕ್ಕೆ 108 ಚದರ ಅಡಿ ಮುಚ್ಚುತ್ತದೆ. ಮರದ ಕಾಂಡಕ್ಕೆ, ಮನೆಯ ಗೋಡೆಗೆ ಮಾತ್ರ ತಾಗಿಸಬೇಡಿ. ಬೀದಿಯುದ್ದಕ್ಕೂ ಮರದ ಬುಡದಲ್ಲಿ ಹುತ್ತದ ಹಾಗೆ ಪೇರಿಸಿರುವುದು ಕಾಣುತ್ತದೆ, ತೊಗಟೆ ಕೊಳೆಯುವುದೇ ಅದರಿಂದ. ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಬೇಡ, ನೆಲ ಹೆಪ್ಪುಗಟ್ಟಿದಾಗ ಮೇಲೆದ್ದು ಬರುತ್ತದೆ. ಸನಿಕೆಯಿಂದ ನಾಲ್ಕು ಇಂಚು ಆಳ ಕೊರೆದ ಅಂಚನ್ನು ವರ್ಷಕ್ಕೊಮ್ಮೆ ತಿದ್ದಿದರೆ ಮುಗಿಯಿತು.

ಗಿಡಗಳಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಮೂರೇ ಜಾತಿ, ಒಂದೊಂದನ್ನೂ ಗುಂಪಾಗಿ ನೆಡಿ. ಬಿಸಿಲಿಗೆ ದಪ್ಪ ಎಲೆಯ ಸೆಡಮ್, ಕೋನ್‌ಫ್ಲವರ್ ಎಂಬ ಹೂಗಿಡ, ಜೊತೆಗೆ ಕಾರ್ಲ್ ಫೊರ್ಸ್ಟರ್ ಎಂಬ ಎತ್ತರದ ಹುಲ್ಲು. ಅದನ್ನು ಚಳಿಗಾಲದ ಕೊನೆಗೆ ಒಮ್ಮೆ ಕತ್ತರಿಸಿದರಾಯಿತು. ನೆರಳಿಗೆ ಅಗಲ ಎಲೆಯ ಹೋಸ್ಟಾ, ಆದರೆ ಜಿಂಕೆ ಬರುವ ಕಡೆ ಅಲ್ಲ. ಇಲ್ಲಿ ಮಂಗ, ಅಲ್ಲಿ ಜಿಂಕೆ, ತೋಟ ಮಾಡಿದವನಿಗೆ ತಪ್ಪಿದ್ದಲ್ಲ. ಪುದೀನವನ್ನು ನೆಲಕ್ಕೆ ಇಳಿಸಲೇಬೇಡಿ, ಕುಂಡದಲ್ಲೇ ಇರಲಿ.

ಅಮ್ಮನಿಗೆ ದಾಸವಾಳ. ನಮ್ಮ ಬೇಲಿಯದ್ದು ಮೊದಲ ಹಿಮಕ್ಕೇ ಸಾಯುತ್ತದೆ. ಅಲ್ಲಿನ ಜೌಗುನೆಲದ ದಾಸವಾಳ ಚಳಿಗೆ ನೆಲದವರೆಗೂ ಒಣಗಿದರೂ ಬುಡ ಉಳಿದು, ಊಟದ ತಟ್ಟೆಯಷ್ಟು ಅಗಲದ ಹೂ ಬಿಡುತ್ತದೆ. ಮೇ ತಿಂಗಳ ಕೊನೆಯವರೆಗೂ ಚಿಗುರದಿದ್ದರೆ ಸತ್ತಿತೆಂದು ಕಿತ್ತೆಸೆಯಬೇಡಿ. ಡೇರೆ ಹೂ, ಅಂದರೆ ಡೇಲಿಯಾ, ಬೇಕೇ ಬೇಕು ಎಂದರೆ ಡೆಕ್ ಮೇಲೆ ಎರಡು ಕುಂಡ ಇಡಿ. ಮೇ ಮಧ್ಯದಲ್ಲಿ ಗಡ್ಡೆ ನೆಟ್ಟು, ಹಿಮಕ್ಕೆ ಎಲೆ ಕಪ್ಪಾದ ಮೇಲೆ ಕಿತ್ತು, ಮರದ ಹೊಟ್ಟಿನಲ್ಲಿ ನೆಲಮಾಳಿಗೆಯಲ್ಲಿ ಕಾಯ್ದಿಡಬೇಕು. ಅಮ್ಮ ಅಷ್ಟರೊಳಗೆ ಊರಿಗೆ ಹೊರಟಿರುತ್ತಾರೆ, ಕೀಳುವ ಕೆಲಸ ನಿಮ್ಮ ಪಾಲಿಗೇ.

ದಾಸವಾಳ, ಹುಲ್ಲು ಎರಡನ್ನು ವಸಂತಕ್ಕೆ ಬಿಟ್ಟು ಪಾತಿಯ ಉಳಿದ ಗಿಡಗಳನ್ನು ಸೆಪ್ಟೆಂಬರಿನಲ್ಲಿ ನೆಡಿ. ಮೊದಲ ವರ್ಷ ಮಳೆಯಿಲ್ಲದ ವಾರಗಳಲ್ಲಿ ಒಂದು ಇಂಚಿನಷ್ಟು ನೀರು ಕೊಡಿ. ಬೇರು ಇಳಿದ ಮೇಲೆ ಪೈಪ್ ಸುತ್ತಿಡಬಹುದು.