ಓದುಗರ ಪ್ರಶ್ನೆ: ನ್ಯೂಜೆರ್ಸಿಯ ಒಂಬತ್ತು ಗಂಟೆ ಎಂಟಾಗಿದ್ದೇಕೆ?

ಪ್ರಶ್ನೆ (ಮೈಸೂರು): ನ್ಯೂಜೆರ್ಸಿಯ ಮಕ್ಕಳಿಗೆ ಭಾನುವಾರ ಅಲ್ಲಿಯ ಬೆಳಿಗ್ಗೆ 9ಕ್ಕೆ ಇಲ್ಲಿಂದ ಆನ್‌ಲೈನ್ ಕನ್ನಡ ಪಾಠ. ಆ್ಯಪ್‌ನಲ್ಲಿ ಎಲ್ಲ ಸಮಯವನ್ನೂ ಯುಟಿಸಿಯಲ್ಲೇ (ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯ) ಉಳಿಸಿದ್ದೇವೆ. ಆದರೂ ನವೆಂಬರ್ ಬಂದರೆ ಮಕ್ಕಳ ಫೋನಿನಲ್ಲಿ 8 ಗಂಟೆ ಎಂದು ಕಾಣುತ್ತದೆ. ಏಕೆ?

ಉತ್ತರ: ಯುಟಿಸಿಯಲ್ಲೇ ಉಳಿಸಿದ್ದರಿಂದ. ಬೇಸಿಗೆ ಸಮಯ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಅವಧಿ) ಜಾರಿಯಲ್ಲಿರುವಾಗ ನ್ಯೂಜೆರ್ಸಿ ಯುಟಿಸಿಗಿಂತ 4 ಗಂಟೆ ಹಿಂದೆ. ಅಲ್ಲಿಯ 9 ಎಂದರೆ ಯುಟಿಸಿ 13:00, ನಮ್ಮಲ್ಲಿ ಸಂಜೆ 6:30. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಂತರ 5 ಗಂಟೆಯಾಗುತ್ತದೆ. ನಿಮ್ಮ 13:00 ಮಾತ್ರ ಕೂತಲ್ಲೇ ಕೂತಿದೆ.

ನಡೆದುಹೋದದ್ದಕ್ಕೆ, ಅಂದರೆ ಹಣ ಪಾವತಿ, ಲಾಗಿನ್ ಇತ್ಯಾದಿಗೆ, ಯುಟಿಸಿ ಸಾಕು. ಮುಂದೆ ಮತ್ತೆ ಮತ್ತೆ ನಡೆಯಬೇಕಾದ್ದಕ್ಕೆ ಸಾಲದು. ಸ್ಥಳೀಯ ಸಮಯವನ್ನು ಒಂದು ಕಾಲಂನಲ್ಲಿ, 'ಅಮೆರಿಕಾ/ನ್ಯೂ_ಯಾರ್ಕ್' ಎಂಬ ವಲಯದ ಹೆಸರನ್ನು ಇನ್ನೊಂದರಲ್ಲಿ ಇಡಿ. '-05:00' ಎಂದು ಬರೆದಿಟ್ಟರೆ ಅದು ಆ ದಿನದ ಅಂತರವಷ್ಟೇ, ನಿಯಮವಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನ 'ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್' ಹೆಸರು ನೋಡಿ ಮೋಸಹೋಗಬೇಡಿ. ಅದು ವಲಯವನ್ನು ಉಳಿಸಿಕೊಳ್ಳುವುದೇ ಇಲ್ಲ. ಜ್ಞಾಪನೆ ಕಳಿಸಲು ಬೇಕಾದ ಯುಟಿಸಿಯನ್ನು ಈ ಎರಡು ಕಾಲಂಗಳಿಂದ ಲೆಕ್ಕ ಹಾಕಿ, ಐಎಎನ್‌ಎ ವಲಯ ಪಟ್ಟಿ (ಜಗತ್ತಿನ ಸಮಯ ವಲಯಗಳ ನಿಯಮಗಳ ಪಟ್ಟಿ) ಪರಿಷ್ಕರಣೆಯಾದಾಗಲೆಲ್ಲ ಮತ್ತೆ ಲೆಕ್ಕ ಹಾಕಿ. 2022ರ ಅಕ್ಟೋಬರಿನಲ್ಲಿ ಮೆಕ್ಸಿಕೊದ ಬಹುಭಾಗ ಬೇಸಿಗೆ ಸಮಯವನ್ನೇ ಕೈಬಿಟ್ಟಿತು. ಹಳೆಯ ಪಟ್ಟಿಯ ಸರ್ವರ್‌ಗೆ ಇದು ತಿಳಿಯುವುದು ಹೇಗೆ?

ಹೀಗೆ ಮಾಡಿದರೆ ಚಳಿಗಾಲದಲ್ಲಿ ನಿಮ್ಮ ಶಿಕ್ಷಕರು 7:30ಕ್ಕೆ ಕೂರಬೇಕಾಗುತ್ತದೆ. ಅವರನ್ನು ಮೊದಲೇ ಕೇಳಿಬಿಡಿ, ಇದು ಕೋಡ್ ಬಗೆಹರಿಸುವ ವಿಷಯವಲ್ಲ. ಲಂಡನ್ನಿನ ಮಕ್ಕಳೂ ಸೇರಿದರೆ ಇನ್ನೊಂದು ತೊಡಕಿದೆ: 2026ರಲ್ಲಿ ಅಮೆರಿಕ ಮಾರ್ಚ್ 8ಕ್ಕೆ ಗಡಿಯಾರ ಬದಲಿಸಿದರೆ ಬ್ರಿಟನ್ ಬದಲಿಸುವುದು 29ಕ್ಕೆ. ನಡುವಿನ ಮೂರು ವಾರ ಇಬ್ಬರ ಅಂತರ 5 ಗಂಟೆಯಲ್ಲ, 4.

ಪರೀಕ್ಷೆಗೆ ಎರಡು ಹೊತ್ತು ಸಾಕು: ನ್ಯೂಯಾರ್ಕ್ ವಲಯದಲ್ಲಿ 2026ರ ಮಾರ್ಚ್ 8ರ ನಸುಕಿನ 2:30 ಬರುವುದೇ ಇಲ್ಲ; ನವೆಂಬರ್ 1ರ 1:30 ಎರಡು ಸಲ ಬರುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಫಾರ್ಮಿನಲ್ಲಿ ಜನ್ಮದಿನ ಆಗಸ್ಟ್ 15 ಎಂದು ತುಂಬಿದರೆ ಡೇಟಾಬೇಸಿನಲ್ಲಿ 14 ಎಂದು ಕೂರುತ್ತದೆ.

ಉತ್ತರ: ಜಾವಾಸ್ಕ್ರಿಪ್ಟ್‌ನಲ್ಲಿ ದಿನಾಂಕವನ್ನು ಇಲ್ಲಿಯ ಮಧ್ಯರಾತ್ರಿಯಾಗಿ ಮಾಡಿ, ಅದನ್ನು ಯುಟಿಸಿ ಪಠ್ಯವಾಗಿಸುವ 'ಟುಐಎಸ್‌ಒಸ್ಟ್ರಿಂಗ್' ಕರೆದು, ಮೊದಲ ಹತ್ತು ಅಕ್ಷರ ಕತ್ತರಿಸಿದ್ದೀರಿ ಅನಿಸುತ್ತದೆ. ಭಾರತದ 15ರ 00:00 ಎಂದರೆ ಯುಟಿಸಿಯಲ್ಲಿ 14ರ 18:30. ಜನ್ಮದಿನಕ್ಕೆ ಗಂಟೆಯೂ ಇಲ್ಲ, ವಲಯವೂ ಇಲ್ಲ. ಬರೀ '2026-08-15' ಎಂಬ ಪಠ್ಯವಾಗಿಯೇ ಕಳಿಸಿ, 'ಡೇಟ್' ಕಾಲಂನಲ್ಲಿ ಉಳಿಸಿ. ತೋರಿಸುವಾಗಲೂ ಅದನ್ನು 'ನ್ಯೂ ಡೇಟ್'ಗೆ ಕೊಡಬೇಡಿ: ಅದು ಯುಟಿಸಿ ಮಧ್ಯರಾತ್ರಿ ಎಂದು ಓದಿಕೊಳ್ಳುತ್ತದೆ, ಅಮೆರಿಕದಲ್ಲಿ ಮತ್ತೆ 14 ಕಾಣುತ್ತದೆ.

ಪ್ರಶ್ನೆ (ಮಂಗಳೂರು): ವಲಯಕ್ಕೆ ಐಎಸ್‌ಟಿ (ಭಾರತೀಯ ಕಾಲಮಾನ) ಎಂದರೆ ಸಾಲದೆ?

ಉತ್ತರ: ಸಾಲದು. ಇಸ್ರೇಲ್, ಐರ್ಲೆಂಡ್‌ಗಳಿಗೂ ಅದೇ ಮೂರಕ್ಷರ. ಪೋಸ್ಟ್‌ಗ್ರೆಸ್‌ನ ಮೂಲ ಪಟ್ಟಿಯಲ್ಲಿ ಐಎಸ್‌ಟಿ ಇಸ್ರೇಲಿನದು. 'ಏಷ್ಯಾ/ಕೋಲ್ಕತಾ' ಎಂದೇ ಬರೆಯಿರಿ.